ಡೈರಿ ಅತ್ತೆ ಕೇಳಿದ ಹೆಸರು

ಅತ್ತೆಯ ಬಲಗೈ ಮೇಲೆ, ಮಣಿಕಟ್ಟಿನಿಂದ ಮೊಳಕೈವರೆಗೆ, ಒಗ್ಗರಣೆಯ ಸಾಸಿವೆ ಸಿಡಿದಂಥ ಕಂದು ಚುಕ್ಕೆಗಳಿದ್ದವು. ಹಾಲಿನ ಕೊಬ್ಬು ಅಳೆಯಲು ಬಳಸುವ ಆಸಿಡ್ ಹಾರಿ ಆದ ಕಲೆಗಳು. ಸೀರೆಯ ಸೊಂಟದ ಭಾಗದಲ್ಲೂ ಸಣ್ಣ ಸಣ್ಣ ತೂತು. ಹಬ್ಬಕ್ಕೆ ತೆಗೆದ ಸೀರೆ ಉಟ್ಟು ಡೈರಿಗೆ ಬಂದರೆ ವಾರದೊಳಗೆ ಅದಕ್ಕೂ ತೂತು ಬೀಳುತ್ತಿತ್ತು. "ಇಲಿ ಕಡೀತಾ ಅತ್ತೆ?" ಎಂದು ಹೆಂಗಸರು ರೇಗಿಸಿದರೆ, "ಊಂ ಕಣೆ, ಎರಡ್ ಕಾಲಿನ ಇಲಿ. ಆಲಿಗೆ ನೀರಾಕೋ ಇಲಿ" ಎನ್ನುತ್ತಿದ್ದಳು. ಸಾಲಿನಲ್ಲಿ ಯಾರೋ ಒಬ್ಬಳು ಮುಖ ತಗ್ಗಿಸುತ್ತಿದ್ದಳು.

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಿಂದ ಸ್ವಲ್ಪ ಮುಂದೆ ನಮ್ಮೂರು. ಅಲ್ಲಿನ ಹೆಂಗಸರ ಹಾಲಿನ ಸಂಘಕ್ಕೆ ಅವಳು ಕಾರ್ಯದರ್ಶಿ. ನನ್ನಪ್ಪನಿಗೆ ದೊಡ್ಡಪ್ಪನ ಮಗಳಾದ್ದರಿಂದ ನನಗೆ ಅತ್ತೆ. ಊರಿಗೆಲ್ಲ ಡೈರಿ ಅತ್ತೆ. ಹತ್ತನೇ ತರಗತಿವರೆಗೆ ಓದಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಒಬ್ಬನೇ ಮಗ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು.

ಅವಳು ಡೈರಿ ನಡೆಸುತ್ತಿದ್ದ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿದ್ದು. ಎಷ್ಟು ಉದ್ದದ ಸಾಲಿದ್ದರೂ, ಲಾರಿ ಬಂದು ಹಾರನ್ ಹೊಡೆಯುತ್ತಿದ್ದರೂ, ಒಬ್ಬೊಬ್ಬರ ಹಾಲಿನಿಂದ ಒಂದೊಂದು ಸಣ್ಣ ಬಾಟಲಿಗೆ ತೆಗೆದಿಟ್ಟು, ಅದರ ಮೇಲೆ ನಂಬರು ಹಚ್ಚಿದ ಮೇಲೆಯೇ ದೊಡ್ಡ ಕ್ಯಾನಿಗೆ ಸುರಿಯಲು ಬಿಡುತ್ತಿದ್ದಳು. "ಕ್ಯಾನಿಗೆ ಉಯ್ದ ಮ್ಯಾಲೆ ಎಲ್ಲಾರ್ದೂ ಒಂದೇ ಬಿಳುಪು. ಆಮ್ಯಾಲೆ ಕಳ್ಳಿ ಯಾರು ಅಂತ ದೇವ್ರೂ ಯೋಳಕ್ಕಾಗಕಿಲ್ಲ" ಎಂಬುದು ಅವಳ ಮಾತು. ಸಿಕ್ಕಿಬಿದ್ದವರ ಹೆಸರನ್ನು ಸಾಲಿನ ಮುಂದೆಯೇ ಗಟ್ಟಿಯಾಗಿ ಓದುತ್ತಿದ್ದಳು. ಒಮ್ಮೆ ನನ್ನ ಅವ್ವನೂ ಸಿಕ್ಕಿಬಿದ್ದಳು. "ಏನ್ ಅತ್ತಿಗೆ, ನಿಮ್ಮೆಮ್ಮೆ ಕೆರೇಲಿ ನಿಂತ್ಕೊಂಡು ಕರೀತಾ?" ಎಂದು ಅತ್ತೆ ಕೇಳಿದ್ದಕ್ಕೆ ಅವ್ವ ಒಂದು ವರ್ಷ ಮಾತು ಬಿಟ್ಟಳು. ಆ ವರ್ಷದ ಎಲ್ಲ ಹಬ್ಬಕ್ಕೂ ಅತ್ತೆ ನಮ್ಮ ಮನೆಗೆ ಒಬ್ಬಟ್ಟು ತಂದುಕೊಟ್ಟಳು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ, ಯಾಕೆಂದರೆ ತಪ್ಪಾಗಿರಲಿಲ್ಲ.

ಮರೆಯುವುದು, ಹೋಗಲಿ ಬಿಡು ಎನ್ನುವುದು ಅವಳ ಜಾಯಮಾನವಲ್ಲ. ಗಂಡ ಸತ್ತವಳು ಸೆಕ್ರೆಟರಿ ಆದಳೆಂದು ಅರಳಿಕಟ್ಟೆಯ ಮೇಲೆ ಕೂತು ಕೆಟ್ಟ ಮಾತಾಡಿದವನೊಬ್ಬನಿದ್ದ. ಒಂಬತ್ತು ವರ್ಷ ಅವನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಅವನ ಮಗಳ ಓದಿಗೆ ಸಂಘದ ಪತ್ರ ಬೇಕಾಗಿ ಬಂದು ನಿಂತಾಗ, ಅವನನ್ನು ಬಿಸಿಲಿನಲ್ಲಿ ಒಂದು ತಾಸು ನಿಲ್ಲಿಸಿ, ಸಹಿ ಹಾಕಿ, "ಮಗೀಗಾಕಿದ್ದು. ನಿಂದು ಇನ್ನೂ ಬಾಕಿ ಅದೆ" ಎಂದು ಕಳಿಸಿದಳು. ಮಗಳದು ಒಂದು ಬಾಟಲಿ, ಅಪ್ಪನದು ಇನ್ನೊಂದು. ನನ್ನ ಬದುಕಿನಲ್ಲಿ ನಾನು ಕಂಡ ದೊಡ್ಡ ದೊಡ್ಡ ತಜ್ಞರಲ್ಲಿ ಯಾರಿಗೂ ದ್ವೇಷವನ್ನು ಇಷ್ಟು ಚೊಕ್ಕವಾಗಿ ವಿಂಗಡಿಸಲು ಬರುತ್ತಿರಲಿಲ್ಲ.

ನಾನು ಓದಿ, ದೆಹಲಿ ಸೇರಿ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತೆ. ಗಡಿ, ಉಗ್ರರ ದಾಳಿ, ಪಡೆಗಳ ತಂತ್ರ ಇವುಗಳ ಬಗ್ಗೆ ಅಧ್ಯಯನ ಮಾಡಿ ಸರ್ಕಾರಕ್ಕೆ ಸಲಹೆಯ ವರದಿ ಬರೆಯುವುದು ಅಲ್ಲಿನ ಕಸುಬು. "ಬಾಂಬ್ ಬಿದ್ ಮ್ಯಾಲೆ ಯಾಕ್ ಬಿತ್ತು ಅಂತ ಬರೀತಾಳೆ" ಎಂದು ಅವ್ವ ಊರಿನವರಿಗೆ ವಿವರಿಸುತ್ತಿದ್ದಳು. ಇದಕ್ಕಿಂತ ಸರಿಯಾದ ವಿವರಣೆ ನಮ್ಮ ಸಂಸ್ಥೆಯ ಜಾಲತಾಣದಲ್ಲೂ ಇರಲಿಲ್ಲ.

ಅತ್ತೆಯ ಮಗ ಅರೆಸೇನಾ ಪಡೆಯಲ್ಲಿ ಲಾರಿ ಚಾಲಕನಾದ. ಏಳು ವರ್ಷದ ಹಿಂದೆ, ದೂರದ ರಾಜ್ಯವೊಂದರ ಕಾಡಿನ ರಸ್ತೆಯಲ್ಲಿ, ಮೋರಿಯ ಕೆಳಗೆ ಉಗ್ರರು ಹುದುಗಿಸಿಟ್ಟಿದ್ದ ಸ್ಫೋಟಕದ ಮೇಲೆ ಅವನ ಲಾರಿ ಹಾದುಹೋಯಿತು. ಬಾವುಟ ಹೊದಿಸಿದ ಪೆಟ್ಟಿಗೆ ಬಂತು. ತೆಗೆದು ತೋರಿಸಲಿಲ್ಲ. ಮೂರು ದಿನ ಭಾಷಣಗಳಾದವು. ನಮ್ಮೂರಿನ ಹೆಸರು ಹಾಕಿ, ವೀರಮಾತೆ ಎಂದು ಅಚ್ಚು ಹಾಕಿಸಿದ ಬ್ಯಾನರು ಬಸ್ ಸ್ಟಾಪಿನಲ್ಲಿ ಹರಿದು ಬೀಳುವವರೆಗೂ ಇತ್ತು.

ಮೊದಲ ವರ್ಷದ ತಿಥಿಗೆ ನಾಗಮಂಗಲದಿಂದ ಒಬ್ಬ ಹುಡುಗ ಊರುಗೋಲು ಹಿಡಿದು ಬಂದ. ಅತ್ತೆಯ ಮಗನ ಗೆಳೆಯ, ಅದೇ ಪಡೆಯವನು, ಹಿಂದಿನ ವಾಹನದಲ್ಲಿದ್ದವನು. ಅದೇ ಸ್ಫೋಟದಲ್ಲಿ ಒಂದು ಕಾಲು ಮಂಡಿಯ ಕೆಳಗೆ ಹೋಗಿತ್ತು. ಊಟ ಮುಗಿದು ನೆಂಟರೆಲ್ಲ ಎದ್ದ ಮೇಲೆ ಅವನು ಅತ್ತೆಯ ಹತ್ತಿರ ಕೂತ. ನಾನು ಪಕ್ಕದಲ್ಲಿದ್ದೆ.

"ದಾರಿ ನಡ್ದಿರ್ನಿಲ್ಲ ಕಣವ್ವ" ಅಂದ. ಅಂಥ ರಸ್ತೆಗಳಲ್ಲಿ ದಿನಾ ಬೆಳಗ್ಗೆ ವಾಹನ ಬಿಡುವ ಮುಂಚೆ ಒಂದು ತುಕಡಿ ಕಾಲ್ನಡಿಗೆಯಲ್ಲಿ ಹೋಗಿ ಪ್ರತಿಯೊಂದು ಮೋರಿ, ಪ್ರತಿಯೊಂದು ತಿರುವು ನೋಡಿ ಬರಬೇಕು. ಅದಾಗದೆ ಒಂದು ಚಕ್ರವೂ ಉರುಳುವಂತಿಲ್ಲ. ಅವತ್ತು ಆ ತುಕಡಿ ಇನ್ನೂ ಹೊರಟಿರಲಿಲ್ಲ.

"ಮತ್ಯಾಕ್ ಬುಟ್ರು ನಿಮ್ಮುನ್ನ?"

"ಮ್ಯಾಲಿನ ಸಾಹೇಬ್ರು ನೋಡಕ್ ಬರೋರಿದ್ರು. ಅವ್ರು ಬರೋದ್ರೊಳಗೆ ಸಾಮಾನ್ ತಲುಪ್ಬೇಕು, ದಾರಿ ಗೀರಿ ಆಮ್ಯಾಲೆ, ಬುಡಿ ಅಂತ ನಮ್ ಸಾಹೇಬ ವೈರ್‌ಲೆಸ್ಸಲ್ಲಿ ಅಂದ. ನಾನೇ ಕೇಳಿಸ್ಕೊಂಡೆ."

"ಏನ್ ಸಾಮಾನಿತ್ತು ನನ್ ಮಗನ್ ಲಾರೀಲಿ?"

ಅವನು ಊರುಗೋಲನ್ನು ಪಕ್ಕಕ್ಕೆ ಸರಿಸಿಟ್ಟ. "ಕುರ್ಚಿ" ಅಂದ. "ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ."

ಅತ್ತೆ ಅಳಲಿಲ್ಲ. ಆ ಸಾಹೇಬನ ಹೆಸರು ಕೇಳಿದಳು. ಅವನು ಹೇಳಿದ. ಎರಡು ಸಲ ತಾನೇ ಅಂದು ನೋಡಿಕೊಂಡಳು, ಪರ ಊರಿನ ಹೆಸರು, ನಾಲಿಗೆಗೆ ಕೂರಬೇಕಲ್ಲ. ಹುಡುಗ ಕೈ ಮುಗಿದ. "ನಾನ್ ಯೋಳ್ದೆ ಅಂತ ಎಲ್ಲೂ ಬರಬಾರ್ದು ಅವ್ವ. ಪಿಂಚಣಿ ಇನ್ನೂ ಆಗಿಲ್ಲ." ಅತ್ತೆ ಅವನ ತಲೆ ಸವರಿ, "ಬರಕಿಲ್ಲ ಬುಡು. ನಿನ್ನೆಸ್ರು ನಾನ್ ಯೋಳಕಿಲ್ಲ" ಅಂದಳು. ಅಂದಿನಿಂದ ಅವಳಿಗೆ ಬೇಕಾದದ್ದು ಒಂದೇ. ಆ ಮಾತು ಆಡಿದವನ ಹೆಸರು, ಲಾರಿಯಲ್ಲಿ ಏನಿತ್ತೆಂಬುದರ ಜೊತೆಗೆ, ಎಲ್ಲರೂ ಓದುವಂಥ ಕಾಗದದ ಮೇಲೆ ಬರಬೇಕು. ಇನ್ಯಾವ ಪದಕವೂ ಬೇಡ, ಇನ್ಯಾವ ಬೋರ್ಡೂ ಬೇಡ.

ಬುಡಿ ಎಂದಿದ್ದ ಆ ಸಾಹೇಬ ಮುಂದೆ ನಿವೃತ್ತನಾದ. ನಿವೃತ್ತನಾಗಿ ಎಲ್ಲಿಗೆ ಬಂದ ಗೊತ್ತೇ? ನಮ್ಮ ಸಂಸ್ಥೆಗೆ, ಹಿರಿಯ ಸಲಹೆಗಾರನಾಗಿ. ಅವನಿಗೆ ಬಹುವಚನ ಹಾಕಲು ನನ್ನ ಕೈ ಬರುವುದಿಲ್ಲ, ಓದುಗರು ಕ್ಷಮಿಸಬೇಕಾಗಿಲ್ಲ. ಕಾನ್ವಾಯ್ ಸುರಕ್ಷತೆ, ಅಂದರೆ ಸಾಲಾಗಿ ಸಾಗುವ ಪಡೆಯ ವಾಹನಗಳ ಸುರಕ್ಷತೆ, ಎಂಬ ವಿಷಯದ ಮೇಲೆ ನಾನು ಬರೆಯುತ್ತಿದ್ದ ವರದಿಯ ಕರಡು ಅವನ ಮೇಜಿಗೆ ಹೋಯಿತು. ಅದರಲ್ಲಿ ಅತ್ತೆಯ ಮಗನ ಘಟನೆ ಇತ್ತು. ಹೆಸರು ಇರಲಿಲ್ಲ, ಆದರೆ ದಾರಿ ನೋಡದೆ ಬಿಟ್ಟದ್ದು, ಕುರ್ಚಿ ಸಾಗಿಸಲು ಬಿಟ್ಟದ್ದು, ಎರಡು ವಾಕ್ಯದಲ್ಲಿ ಇತ್ತು. ಅವನು ಆ ಎರಡನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ಬರೆದ: ನಾವು ವ್ಯಕ್ತಿಗಳ ಬಗ್ಗೆ ಬರೆಯುವುದಿಲ್ಲ, ವ್ಯವಸ್ಥೆಯ ಬಗ್ಗೆ ಬರೆಯುತ್ತೇವೆ. ನನ್ನನ್ನು ಕರೆದು ಕಾಫಿ ಕೊಟ್ಟು, ನಿನಗೆ ಒಳ್ಳೆಯ ಭವಿಷ್ಯವಿದೆ ಎಂದ. ನಾನು ಒಪ್ಪಿದೆ. ಅವನು ಯಾರೆಂದು ಗೊತ್ತಿದ್ದೂ ಒಪ್ಪಿದೆ. "ಮಾರ್ಗ ತಪಾಸಣೆಯ ವ್ಯವಸ್ಥೆಯಲ್ಲಿ ಸಮನ್ವಯದ ಕೊರತೆ ಕಂಡುಬಂದಿತು" ಎಂಬ ಒಂದು ವಾಕ್ಯ ಆ ಜಾಗಕ್ಕೆ ಬಂತು. ವರದಿಗೆ ಒಳ್ಳೆಯ ಹೆಸರು ಬಂತು.

ಆ ವರ್ಷ ಮಹಾಲಯಕ್ಕೆ ಊರಿಗೆ ಹೋದಾಗ ಅತ್ತೆ ನನಗಿಂತ ಮೊದಲೇ ತಯಾರಾಗಿದ್ದಳು. ಯಾರೋ ಅವಳ ಫೋನಿಗೆ ವರದಿ ಕಳಿಸಿದ್ದರು. ಪೇಟೆಯ ಸೈಬರ್ ಅಂಗಡಿಯಲ್ಲಿ ಅದನ್ನು ಅಚ್ಚು ಹಾಕಿಸಿ ತಂದಿದ್ದಳು. "ಓದ್ ಯೋಳು" ಅಂದಳು. ಡೈರಿಯ ಕಲ್ಲು ಬೆಂಚಿನ ಮೇಲೆ ಕೂತು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಒಂದೊಂದೇ ಸಾಲು ಹೇಳುತ್ತ ಹೋದೆ. ಸಮನ್ವಯದ ಕೊರತೆ ಎಂಬಲ್ಲಿಗೆ ಬಂದಾಗ ಕೈ ಎತ್ತಿದಳು.

"ಯಾರಿಗ್ ಕೊರತೆ?"

"ವ್ಯವಸ್ಥೆಗೆ ಅತ್ತೆ."

"ಅವ್ನ್ಯಾರು? ಅವ್ನ ಮನೆ ಎಲ್ಲದೆ?"

ಉಗ್ರರೇ ತಾನೆ ಬಾಂಬ್ ಇಟ್ಟದ್ದು ಎಂದೆ. ಅತ್ತೆ ನನ್ನನ್ನೇ ನೋಡಿದಳು. "ಅದ್ ನಂಗ್ ಗೊತ್ತಿಲ್ವಾ? ಅವ್ರು ಸಾಯ್ಲಿ. ಅವ್ರು ಶತ್ರು, ಶತ್ರು ಕೆಲ್ಸ ಮಾಡುದ್ರು. ನಮ್ಮೋನು ನಮ್ ಕೆಲ್ಸ ಮಾಡ್ನಿಲ್ವಲ್ಲ, ಅದುನ್ನ ಎಲ್ ಬರ್ದಿದ್ದೀಯ?" ಅಂದಳು. ಆಮೇಲೆ ಕಾಗದ ಮಡಿಸುತ್ತ, "ಎಲ್ಲಾರ್ನೂ ಒಂದೇ ಕ್ಯಾನಿಗೆ ಉಯ್ದ್‌ಬುಟ್ಟಿದ್ದೀಯ ಕಣೆ. ನನ್ ಕೈ ಕೆಳ್ಗೆ ಬೆಳ್ದೋಳು ನೀನು" ಅಂದಳು. ಈ ಕಸುಬಿನ ಮೇಲೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮರುದಿನ ಎಡೆ. ನಮ್ಮ ಕಡೆ ಮಹಾಲಯದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಅತ್ತೆ ಮುದ್ದೆ, ನಾಟಿಕೋಳಿ ಸಾರು, ಅವನಿಗೆ ಪ್ರಿಯವಾದ ನಿಪ್ಪಟ್ಟು, ಒಂದು ಹೊಸ ಅಂಗಿ ಎಲ್ಲ ಇಟ್ಟಳು. ಕೊನೆಯಲ್ಲಿ ನನ್ನ ವರದಿಯನ್ನು ತಂದು ಎಲೆಯ ಬಲಗಡೆ ಇಟ್ಟು, ಸಮನ್ವಯದ ಕೊರತೆಯ ಪುಟ ಮೇಲೆ ಬರುವ ಹಾಗೆ ಮಡಚಿದಳು. "ಅವ್ನೂ ಓದ್ಲಿ. ಮಾವನ್ ಮಗ್ಳು ಬರ್ದವ್ಳೆ" ಅಂದಳು.

ಬಾಗಿಲು ಹಾಕಿ ಎಲ್ಲರೂ ಜಗುಲಿಯಲ್ಲಿ ನಿಂತೆವು. ಸೆರಗಿನ ತುದಿ ಕಚ್ಚಿಕೊಂಡು ಅವ್ವ ನನ್ನ ಕಡೆ ನೋಡಲಿಲ್ಲ. ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ಆದರೂ ಆ ಹತ್ತು ನಿಮಿಷ ನನ್ನ ಮೈ ಬೆವರಿದ ಹಾಗೆ ಯಾವ ಗಡಿಯಲ್ಲೂ ಬೆವರಲಿಲ್ಲ. ಅತ್ತೆ ಅವಸರ ಮಾಡಲಿಲ್ಲ. ಬೇಕೆಂದೇ ಹೊತ್ತು ಹಿಡಿದಳು. ಕೊನೆಗೆ ಕೆಮ್ಮಿ ಬಾಗಿಲು ತೆಗೆದು, ವರದಿಯನ್ನು ನನ್ನ ಕೈಗಿಟ್ಟು, "ಓದ್ಬುಟ್ಟವ್ನೆ. ಏನಂದ ಅಂತ ಮಾತ್ರ ಕೇಳ್ಬ್ಯಾಡ" ಅಂದಳು. ಆಮೇಲೆ ನನ್ನನ್ನು ಕೂರಿಸಿ ಊಟ ಬಡಿಸಿದಳು, ಎರಡು ಮುದ್ದೆ. ನುಂಗಲೇಬೇಕಾಯಿತು.

ಅದು ನನ್ನ ಮೇಲೆ ತೀರಿಸಿಕೊಂಡದ್ದು. ಅದಾದ ಮೇಲೆ ನಾವಿಬ್ಬರೂ ಒಂದೇ ಕಡೆಯವರಾದೆವು.

ನಾಗಮಂಗಲದ ಗೆಳೆಯ ಅಷ್ಟರಲ್ಲಿ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಹಾಕಿದ್ದ. ನಮ್ಮ ಕಚೇರಿ ಅದೇ. ಮಾಹಿತಿ ಹಕ್ಕಿನ ಅರ್ಜಿಗಳು ಅಲ್ಲಿಂದ ಹೋದವು, ಭದ್ರತೆಯ ವಿಷಯ ಕೊಡಲಾಗದು ಎಂಬ ಉತ್ತರಗಳು ಅಲ್ಲಿಗೆ ಬಂದವು. ಅತ್ತೆ ಅವನ್ನೆಲ್ಲ ನಂಬರು ಹಚ್ಚಿ ಇಟ್ಟುಕೊಂಡಳು. ಕಾಗದ ಬರದಿದ್ದರೆ ಮನುಷ್ಯರನ್ನು ಕೇಳೋಣ ಅಂದಳು. ಹಿಂದಿನ ವಾಹನದಲ್ಲಿದ್ದ ಇನ್ನಿಬ್ಬರು, ಗೇಟಿನಲ್ಲಿ ನಿಂತಿದ್ದವನು, ಅವತ್ತು ದಾರಿ ನಡೆಯಬೇಕಾಗಿದ್ದ ತುಕಡಿಯವನು, ಸ್ಟೋರಿನವನು, ಹೀಗೆ ಐದು ಜನ ಐದು ರಾಜ್ಯದಲ್ಲಿ. ನಾನು ರಜೆಗೆ ಬಂದಾಗಲೆಲ್ಲ ಗೆಳೆಯ ಅವರಿಗೆ ಫೋನ್ ಮಾಡಿ ಹಿಂದಿಯಲ್ಲಿ ಕೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ, ಅತ್ತೆ ಸ್ಪೀಕರಿಗೆ ಕಿವಿಕೊಟ್ಟು ಕೂರುತ್ತಿದ್ದಳು. "ಒಬ್ಬ ಅಂದಿದ್ದುನ್ನ ಇನ್ನೊಬ್ಬುನ್ಗೆ ಯೋಳ್ಬ್ಯಾಡ ಕಣ್ಲಾ, ಆಲು ಬೆರೆತೋಯ್ತದೆ" ಎಂಬುದು ಅವಳ ಕಟ್ಟಪ್ಪಣೆ. ನನಗೆ ಇದನ್ನೇ ದೆಹಲಿಯಲ್ಲಿ ಎರಡು ವಾರ ಪಾಠ ಮಾಡಿದ್ದರು, ಪರದೆ ಮೇಲೆ ಚಿತ್ರ ತೋರಿಸಿಕೊಂಡು.

ಎಲ್ಲರಿಗೂ ಕೊನೆಯಲ್ಲಿ ಅತ್ತೆಯ ಒಂದು ಪ್ರಶ್ನೆ ಇರುತ್ತಿತ್ತು. ಕುರ್ಚಿ ಯಾವ ಬಣ್ಣ? ನಾಲ್ವರು ಕೆಂಪು ಎಂದರು. ಐದನೆಯವನು, ಸ್ಟೋರಿನವನು, ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದ. ಸಾಹೇಬ ನಕ್ಕನೆಂದೂ, ಸತ್ತರೆ ಸಾಯಲಿ ಎಂದನೆಂದೂ ಹೇಳಿದ್ದ. ಅದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ. ಇದೊಂದು ಸಾಕು ಸಾಹೇಬನನ್ನು ಮುಗಿಸಲು ಎಂದುಕೊಂಡಿದ್ದೆ. ಸ್ಟೋರಿನವನು ಕುರ್ಚಿ ನೀಲಿ ಎಂದ. ಅತ್ತೆ ಫೋನ್ ಇಡಲು ಸನ್ನೆ ಮಾಡಿದಳು.

"ಅವ್ನು ಅಲ್ಲಿರ್ನಿಲ್ಲ. ಅವ್ನ ಬಾಟ್ಲಿ ಚೆಲ್ಲು."

"ಅತ್ತೆ, ಅಷ್ಟು ಒಳ್ಳೇ ಸಾಕ್ಷಿ..."

"ಸುಳ್ ಆಕುದ್ರೆ ನಾಳೆ ಆ ಸಾಹೇಬ ಆ ಒಂದ್ ಸುಳ್ ಇಟ್ಕೊಂಡು ಆಚೆ ಬಂದ್ಬುಡ್ತಾನೆ. ನಂಗೆ ಅವ್ನು ಆಚೆ ಬರ್ಬಾರ್ದು" ಅಂದಳು. ಸೇಡಿನ ಮನಸ್ಸು ಕಣ್ಣು ಕಟ್ಟುತ್ತದೆ ಎನ್ನುವವರು ಈ ಹೆಂಗಸನ್ನು ನೋಡಿರಲಿಲ್ಲ.

ಈ ಹುಡುಕಾಟದ ಮೂರನೆಯ ವರ್ಷ ನಮ್ಮ ಸಂಸ್ಥೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ, ಹೊಳೆ ದಂಡೆಯ ಒಂದು ಹೋಟೆಲಿನಲ್ಲಿ, ಎರಡು ದಿನದ ವಿಚಾರ ಸಂಕಿರಣ ಇಟ್ಟುಕೊಂಡಿತು. ಕಾನ್ವಾಯ್ ಸುರಕ್ಷತೆಯ ಬಗ್ಗೆ ಮುಖ್ಯ ಭಾಷಣ ಸಾಹೇಬನದು. ವ್ಯವಸ್ಥೆ ನೋಡಿಕೊಳ್ಳುವ ಕೆಲಸ ಸ್ಥಳೀಯಳೆಂದು ನನ್ನ ತಲೆಗೆ ಬಂತು. ಹುತಾತ್ಮ ಯೋಧನ ತಾಯಿಯೊಬ್ಬರನ್ನು ಕರೆಸಿ ಸನ್ಮಾನ ಮಾಡಿದರೆ ಚೆನ್ನಾಗಿರುತ್ತದೆ ಎಂದು ಸಾಹೇಬನೇ ಸೂಚಿಸಿದ. ಯಾವ ತಾಯಿ ಎಂದು ಕೇಳಲಿಲ್ಲ. ನಾನು ಹೇಳಲಿಲ್ಲ.

ಅತ್ತೆ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಬೆಳಗ್ಗೆಯೇ ಬಂದಿಳಿದಳು. ಮೊದಲು ನಿಮಿಷಾಂಬ ದೇವಸ್ಥಾನಕ್ಕೆ ಹೋಗೋಣ ಅಂದಳು. "ಆ ತಾಯಿ ಕೇಳಿದ್ದುನ್ನ ನಿಮಿಷದಲ್ಲಿ ಕೊಡ್ತಾಳಂತೆ. ನಂಗೆ ಒಂದ್ ನಿಮಿಷ ಸಾಕು." ಕೈ ಮುಗಿದು ನಿಂತವಳು ಕಣ್ಣು ಮುಚ್ಚಲಿಲ್ಲ, ದೇವಿಯನ್ನು ದುರುಗುಟ್ಟಿ ನೋಡುತ್ತಿದ್ದಳು.

ಸಾಹೇಬ ಮುಕ್ಕಾಲು ಗಂಟೆ ಮಾತಾಡಿದ. ಲೋಪಗಳು ವ್ಯಕ್ತಿಗಳದಲ್ಲ, ವ್ಯವಸ್ಥೆಯವು ಎಂದ. ಸನ್ಮಾನದ ಹೊತ್ತಿಗೆ ಅತ್ತೆ ವೇದಿಕೆ ಹತ್ತಿ ನಿಂತಳು. ಎಷ್ಟು ಹೇಳಿದರೂ ಕೂರಲಿಲ್ಲ. ಎಂಥ ವಿನಯವಂತ ನೋಡಿ, ಸಾಹೇಬ ತಾನೇ ಎದ್ದು ಒಂದು ಕುರ್ಚಿ ಎತ್ತಿಕೊಂಡು ಬಂದು ಅವಳ ಹಿಂದೆ ಇಟ್ಟ. ಅತ್ತೆ ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು.

"ಈ ಕುರ್ಚಿ ಬರೋ ದಾರೀನ ಯಾರಾರ ನಡ್ದ್ ನೋಡಿದ್ರಾ ಸಾಹೇಬ್ರೇ? ನನ್ ಮಗ ತಂದ ಕುರ್ಚಿ ದಾರೀನ ನೀವು ನೋಡಿಸ್ನಿಲ್ಲ. ಬುಡಿ ಅಂದ್ರಂತೆ. ಯಾಕಂದ್ರಿ?"

ಸಭೆ ನನ್ನ ಕಡೆ ತಿರುಗಿತು, ಅನುವಾದಕ್ಕೆ. ಒಂದು ಗಳಿಗೆ ಹಳೆಯ ಚಾಳಿ ನನ್ನ ನಾಲಿಗೆಯ ತುದಿಗೆ ಬಂತು. ತಾಯಿ ಭಾವುಕರಾಗಿದ್ದಾರೆ ಎಂದು ಸುಮ್ಮನಾಗಬಹುದಿತ್ತು. ಹೇಳಿದೆ, ಒಂದು ಮಾತೂ ಬಿಡದೆ, ಇಂಗ್ಲಿಷಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ. ಸಾಹೇಬನ ಮುಖದ ರಕ್ತ ಇಳಿದದ್ದನ್ನು ಕಣ್ಣಾರೆ ಕಂಡೆ. ನನಗೆ ಅದು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಪಳಗಿದವನು. ಎರಡು ಹೆಜ್ಜೆ ಮುಂದೆ ಬಂದು, ಈ ತಾಯಿಯ ದುಃಖ ಇಡೀ ದೇಶದ ದುಃಖ ಎಂದು ಗದ್ಗದನಾಗಿ ಕೈ ಮುಗಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆಯ ನಡುವೆ ಅವನು ಅತ್ತೆಗೆ ಜರಿ ಶಾಲು ಹೊದಿಸಿದ. ಫೋಟೋ ತೆಗೆದರು. ಪ್ರಶ್ನೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಹಲ್ಲು ಕಚ್ಚಿಕೊಂಡು, "ಶಾಲಲ್ಲಿ ಸುತ್ತಿ ಮೂಲೆಗಿಟ್‌ಬುಟ್ರು ಕಣೆ ನನ್ನ" ಅಂದಳು. ಬಸ್ಸು ಹತ್ತುವಾಗ, "ನೀನ್ ಇವತ್ತು ನೀರ್ ಬೆರ್ಸ್ನಿಲ್ಲ" ಎಂದೂ ಅಂದಳು. ಊರಿಗೆ ಹೋದವಳೇ ಆ ಶಾಲನ್ನು ಡೈರಿಯ ಬಾಗಿಲಿಗೆ ಕಾಲೊರೆಸಲು ಹಾಕಿದಳು. ಮಳೆಗಾಲವೆಲ್ಲ ಊರಿನ ಹೆಂಗಸರು ಜರಿಯ ಮೇಲೆ ಕೆಸರು ಒರೆಸಿಕೊಂಡು ಒಳಗೆ ಬಂದರು.

ನಾನು ಕೆಲಸ ಬಿಟ್ಟು ಹೊಸ ವರದಿ ಬರೆದೆ. ಕುರ್ಚಿ ಬೇಗ ಬೇಕೆಂದವನು ಯಾರು, ದಾರಿ ನೋಡುವ ಮುಂಚೆ ಬಿಡಿ ಎಂದವನು ಯಾರು, ಗೇಟು ತೆಗೆಸಿದವನು ಯಾರು, ಒಬ್ಬೊಬ್ಬರದೂ ಬೇರೆ ಬೇರೆ, ಅವರವರ ಪಾಲಿನಷ್ಟೇ. ಕರಡು ಓದಿ ಹೇಳಿದಾಗ ಅತ್ತೆ, "ಇನ್ನೊಂದ್ ಬಾಟ್ಲಿ ಮರ್ತಿದ್ದೀಯ, ನಿಂದು" ಅಂದಳು. ಹಾಗಾಗಿ ಮೊದಲ ವರದಿಯಿಂದ ಆ ಎರಡು ವಾಕ್ಯ ತೆಗೆದದ್ದು ನಾನು, ಯಾರ ಮಾತಿಗೆ ತೆಗೆದೆ ಎಂಬುದನ್ನೂ ಬರೆದೆ. ಒಂದು ಸಣ್ಣ ಪತ್ರಿಕೆ ಅದನ್ನು ಪ್ರಕಟಿಸಿತು. ಸಾಕ್ಷಿ ಹೇಳಿದ ನಾಲ್ವರ ಹೆಸರೂ, ಗೆಳೆಯನ ಹೆಸರೂ ಅದರಲ್ಲಿ ಇರಲಿಲ್ಲ. ಮಾತು ಕೊಟ್ಟಿದ್ದೆವಲ್ಲ.

ತಿಂಗಳೊಳಗೆ ಸಾಹೇಬನ ವಕೀಲರಿಂದ ಮಾನನಷ್ಟದ ನೋಟೀಸು ಬಂತು. ಹೆದರಿಕೊಂಡೇ ಊರಿಗೆ ತೆಗೆದುಕೊಂಡು ಹೋದೆ. ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದಳು, ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಓದಿ ಹೇಳಿದೆ. ನಮ್ಮ ಕಕ್ಷಿದಾರರು ಸದರಿ ಬರಹವನ್ನು ಓದಿ ತೀವ್ರ ಮಾನಸಿಕ ಯಾತನೆ ಅನುಭವಿಸಿರುತ್ತಾರೆ ಎಂಬಲ್ಲಿ ತಡೆದಳು.

"ಅಂಗಾರೆ ಓದವ್ನೆ!"

ಆ ನಗುವನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. ಯಾತನೆಯ ಸಾಲನ್ನು ಮೂರು ಸಲ ಓದಿಸಿಕೊಂಡಳು. "ನಿದ್ದೆ ಬರ್ನಿಲ್ಲ ಅಂತ ಏನಾರ ಬರ್ದವ್ನಾ ನೋಡು" ಎಂದು ಕೇಳಿದಳು. ಬರೆದಿರಲಿಲ್ಲ. ಬರೆದಿದ್ದಾನೆ ಎಂದು ಸುಳ್ಳು ಹೇಳಬೇಕೆನಿಸಿತು, ಆದರೆ ಅವಳ ಹತ್ತಿರ ಅದು ನಡೆಯುವುದಿಲ್ಲ.

ಕೊನೆಯ ವಾರ ನನ್ನ ಅವ್ವ ಅವಳ ಕಾಲು ಒತ್ತುತ್ತ, "ಓಗೋ ಕಾಲದಲ್ಲಿ ಯಾಕವ್ವ ಇಷ್ಟ್ ಉರಿ. ಅವ್ನುನ್ನ ಕ್ಷಮಿಸ್ಬುಡು, ಅಗುರಾಯ್ತದೆ ಎದೆ" ಅಂದಳು. ಅತ್ತೆ ಗೋಡೆಯ ಕಡೆ ತಿರುಗಿದ್ದವಳು ಕಷ್ಟಪಟ್ಟು ಈ ಕಡೆ ಹೊರಳಿದಳು. "ಕ್ಷಮ್ಸೋದು ನಂದಲ್ಲ ಅತ್ತಿಗೆ, ನನ್ ಮಗಂದು. ಬೇಕಾರೆ ಅಲ್ಲಿಗೋಗಿ ಕೇಳ್ಕಳ್ಳಿ." ಅದಾದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ. ನಾಲ್ಕು ದಿನಕ್ಕೆ ಹೋದಳು. ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ ಹೆಂಗಸರು ಕ್ಯಾನು ಅಲ್ಲೇ ಇಟ್ಟು ಓಡಿ ಬಂದರು.

ಅವಳ ಹನ್ನೊಂದನೇ ದಿನ ನನ್ನ ವಕೀಲರ ಫೋನು ಬಂತು. ಸಾಹೇಬನ ಕಡೆಯಿಂದ ರಾಜಿಯ ಪ್ರಸ್ತಾಪ ಬಂದಿದೆ. ಅಗಲಿದ ವೀರಮಾತೆಗೆ ಗೌರವ ಸಲ್ಲಿಸುವ ಸಲುವಾಗಿ ನೋಟೀಸಿನ ಬೆನ್ನಿಗೇ ಹೂಡಿದ್ದ ಮೊಕದ್ದಮೆಯನ್ನು ಅವನು ಹಿಂದಕ್ಕೆ ಪಡೆಯುತ್ತಾನಂತೆ. ಕುರ್ಚಿಯ ಸಾಲು ಮತ್ತು ಅವನ ಹೆಸರು, ಎರಡನ್ನು ತೆಗೆದರೆ ಸಾಕಂತೆ. ನಮ್ಮ ವಕೀಲರೂ ಒಪ್ಪಿಕೊಳ್ಳಿ ಎಂದರು. ಹೆಸರು ಹೇಳಿ ಕಟಕಟೆಗೆ ಬರುವ ಒಬ್ಬ ಸಾಕ್ಷಿಯೂ ಇಲ್ಲದೆ ಈ ಕೇಸು ನಿಲ್ಲುವುದಿಲ್ಲ, ಸೋತರೆ ನೀವು ಬರೆದದ್ದೆಲ್ಲ ಸುಳ್ಳೆಂದು ತೀರ್ಪಾಗುತ್ತದೆ ಎಂದರು. ಸಂಜೆಯೊಳಗೆ ಹೇಳುತ್ತೇನೆ ಎಂದೆ.

ನಾಗಮಂಗಲದ ಗೆಳೆಯ ಕೃತಕ ಕಾಲು ಎಳೆಯುತ್ತ ಪಂಕ್ತಿಗೆ ಸಾರು ಬಡಿಸುತ್ತಿದ್ದ. ನನ್ನ ಮುಖ ನೋಡಿ ಸೌಟು ಕೆಳಗಿಟ್ಟು ಬಂದ. ಹೇಳಿದೆ.

"ಯಾವ್ ಸಾಲ್ ತೆಗೀಬೇಕಂತೆ?"

"ಕುರ್ಚಿದು. ಅವನ ಹೆಸರು."

ಅವನು ಕೈ ತೊಳೆದುಕೊಂಡು, ಪಂಚೆಗೆ ಒರೆಸಿಕೊಂಡು, ಜಗುಲಿಯ ಮೇಲೆ ಕೂತ. ಒಳಗೆ ಎರಡನೇ ಪಂಕ್ತಿ ಕೂರುತ್ತಿತ್ತು. "ಆ ಅವ್ವ ಇಷ್ಟ್ ವರ್ಸದಲ್ಲಿ ಒಂದ್ ದಿನಾನೂ ನನ್ನ, ಬಾ ಸಾಕ್ಷಿ ಯೋಳು ಅನ್ನಿಲ್ಲ" ಅಂದ. "ಅಂದಿದ್ರೆ ಬರ್ತಿದ್ನೋ ಏನೋ. ಅನ್ನಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಪೆನ್ ತಗೋ. ನನ್ನೆಸ್ರು ಆಕು" ಅಂದ.

"ಪಿಂಚಣಿ?"

"ಓದ್ರೆ ಓಯ್ತದೆ. ಜೆರಾಕ್ಸ್ ಮಿಷನ್ನು ಅದಲ್ಲ. ಬರ್ಕೊ."

ತನ್ನ ಹೆಸರು ಹೇಳಿದ. ಅಪ್ಪನ ಹೆಸರು, ಊರು, ಪಡೆಯಲ್ಲಿದ್ದಾಗಿನ ನಂಬರು ಹೇಳಿದ. ನಂಬರು ತಪ್ಪಾಯಿತೇನೋ ಎಂದು ಮತ್ತೊಮ್ಮೆ ಓದಿಸಿಕೊಂಡ. ನಾನು ವಕೀಲರಿಗೆ ಫೋನ್ ಮಾಡಿ, ರಾಜಿ ಇಲ್ಲ, ಸಾಕ್ಷಿ ಇದ್ದಾನೆ ಎಂದೆ. ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಇವನು ಎದ್ದು ಹೋಗಿ ಮತ್ತೆ ಸೌಟು ಹಿಡಿದ.

ಬರುವ ತಿಂಗಳು ದೆಹಲಿಯ ಕೋರ್ಟಿನಲ್ಲಿ ವಿಚಾರಣೆ. ಸಾಹೇಬ ಎದುರಿಗೇ ಕೂತಿರುತ್ತಾನೆ. ನಾನು ಅನುವಾದಕ್ಕೆ ನಿಲ್ಲಬೇಕಾಗಿಲ್ಲ, ಗೆಳೆಯನಿಗೆ ಹಿಂದಿ ಚೆನ್ನಾಗಿ ಬರುತ್ತದೆ.